ಮಕ್ಕಳನ್ನು ಕಟ್ಟಿಕೊಂಡು ಸಮುದ್ರವಿಹಾರ

ನಮ್ಮ ವಾಚಕರೂ ಸರಕಾರದ ಒಂದು ಇಲಾಖೆಯಲ್ಲಿ ಜವಾಬ್ದಾರಿಯ ಸ್ಥಾನದಲ್ಲಿರುವವರೂ ಆದ ಮಹನೀಯರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಅವರಿಗೆ ಐದು ವರ್ಷದ ಹೆಣ್ಣುಮಗುವೂ ಒಂದೂವರೆ ವರ್ಷದ ಗಂಡುಕೂಸೂ ಇವೆ. ಮುಂಬಯಿಯಿಂದ ಹೊರಟು ಗೋವೆಯನ್ನೂ ಲಕ್ಷದ್ವೀಪವನ್ನೂ ತೋರಿಸಿಕೊಂಡು ಹಿಂದಿರುಗುವ ವಿಹಾರದ ಹಡಗಿನಲ್ಲಿ ಹೆಂಡತಿ ಮಕ್ಕಳಿಗೂ ವೃದ್ಧರಾದ ತಾಯಿಯವರಿಗೂ ಸೇರಿಸಿ ನಾಲ್ಕು ತಿಂಗಳ ಹಿಂದೆಯೇ ಹಣ ಕಟ್ಟಿದ್ದಾರೆ. ಈಚೆಗೆ ಪತ್ರಿಕೆಗಳಲ್ಲಿ ಅವರು ಓದುತ್ತಿರುವ ವರ್ತಮಾನಗಳು ಮನಸ್ಸಿಗೆ ನೆಮ್ಮದಿಯನ್ನು ಕೊಡುವಂಥವಲ್ಲ. ಮನೆಯವರು ಬೇಡವೆನ್ನುತ್ತಾರೆ, ಕಚೇರಿಯ ಸ್ನೇಹಿತರು ಅಂಜುಬುರುಕನೆಂದು ನಗುತ್ತಾರೆ, ದೊಡ್ಡ ಮಗು ದಿನ ಎಣಿಸುತ್ತಿದೆ, ಈಗ ಬಿಟ್ಟರೆ ಕಟ್ಟಿದ ಹಣದಲ್ಲಿ ಮುಕ್ಕಾಲು ಪಾಲು ಕಂಪೆನಿಗೆ ಸೇರಿಹೋಗುತ್ತದೆ. "ಹೋಗುವುದು ಸರಿಯೆ, ಬಿಡುವುದು ಸರಿಯೆ, ತಮ್ಮ ಅಭಿಪ್ರಾಯವನ್ನು ತಿಳಿಸೋಣವಾಗಲಿ" ಎಂದು ಕೇಳಿದ್ದಾರೆ.

ಒಂದು ಮನೆಯ ಯಜಮಾನರು ತಮ್ಮ ಸಂಸಾರದ ವಿಷಯದಲ್ಲಿ ಮಾಡಬೇಕಾದ ತೀರ್ಮಾನವನ್ನು ಪತ್ರಿಕೆಯ ಸಂಪಾದಕನು ಮಾಡಹೊರಡುವುದು ಅಧಿಕಪ್ರಸಂಗವೆಂಬುದನ್ನು ನಾವು ಬಲ್ಲೆವು. ಆದರೂ ಈ ಪ್ರಶ್ನೆ ಕೇವಲ ಅವರ ಮನೆಯ ಪ್ರಶ್ನೆಯಾಗಿ ನಮಗೆ ತೋರುವುದಿಲ್ಲ. ಕಾಲ ಕೆಟ್ಟಿರುವಾಗ ಮಕ್ಕಳನ್ನು ಹಡಗಿಗೆ ಹತ್ತಿಸಿದ ತಂದೆತಾಯಿಗಳನ್ನು ಅವಿವೇಕಿಗಳೆಂದು ಜರೆಯುವುದು ಬಹಳ ಸುಲಭ. 2020ನೆಯ ಇಸವಿಯಲ್ಲಿ ಹಾಗೆ ಜರೆದವರಿಗೆ ಲೆಕ್ಕವಿರಲಿಲ್ಲ. ಆದರೆ ಅವರ ಅವಿವೇಕದಲ್ಲಿ ಎಷ್ಟು ಭಾಗ ಅವರದು, ಎಷ್ಟು ಭಾಗ ಅವರ ಹಣವನ್ನು ಹಿಡಿದುಕೊಂಡವರದು ಎಂಬುದನ್ನು ವಿಚಾರಮಾಡಿದವರು ಕಡಿಮೆ.

ಮೊದಲಿಗೆ ಒಂದು ಮಾತು. ಈ ಆಸೆಯನ್ನು ನಾವು ಹಾಸ್ಯಮಾಡುವವರಲ್ಲ. ಸಮುದ್ರ ದಾಟಿ ಬಂದವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೇ ಬೇಡವೇ ಎಂಬ ವಾದವನ್ನು ನಮ್ಮ ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ವೃದ್ಧ ಪಂಡಿತರು ಇನ್ನೂ ಆವೇಶದಿಂದ ನಡೆಸುತ್ತಿದ್ದುದನ್ನು ಕೇಳಿದ್ದೇವೆ. ಅಂಥ ದೇಶದಲ್ಲಿ ಒಬ್ಬ ಸಾಮಾನ್ಯ ನೌಕರನು ತನ್ನ ಸಂಬಳದಲ್ಲಿ ಉಳಿಸಿ, ತಾಯಿಗೂ ಮಕ್ಕಳಿಗೂ ನಡುಕಡಲನ್ನು ತೋರಿಸಬೇಕೆಂದು ಬಯಸುವುದು ಸಂತೋಷದ ಸಂಗತಿಯೇ ಸರಿ. ಇದಲ್ಲದೆ ಎಳೆಯ ಮಕ್ಕಳಿರುವ ಸಂಸಾರಕ್ಕೆ ಹಡಗಿನಷ್ಟು ಅನುಕೂಲವಾದ ವಾಹನ ಮತ್ತೊಂದಿಲ್ಲ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಮುಗಿಯಿತು; ನಡುರಾತ್ರಿ ಕೂಸನ್ನು ಹೆಗಲಿಗೆ ಹಾಕಿಕೊಂಡು ರೈಲಿಗೆ ಓಡಬೇಕಾಗಿಲ್ಲ; ಹಾಲು ಬಿಸಿಮಾಡಿಕೊಡಿರೆಂದು ಹೋಟೆಲಿನ ಮಾಣಿಯನ್ನು ಅಂಗಲಾಚಬೇಕಾಗಿಲ್ಲ; ಮಗು ಮಲಗಿ ಏಳುವುದರೊಳಗೆ ಬೇರೊಂದು ಊರು ತಾನಾಗಿ ಎದುರಿಗೆ ಬಂದು ನಿಂತಿರುತ್ತದೆ. ಬಾಣಂತನದಿಂದ ಈಚೆಗೆ ಒಂದು ದಿನವೂ ವಿಶ್ರಾಂತಿ ಕಾಣದ ತಾಯಿಗೆ ಇದು ಎಷ್ಟು ದೊಡ್ಡ ಸಮಾಧಾನವೆಂಬುದನ್ನು ಗಂಡಸರು ಊಹಿಸಿಕೊಳ್ಳಬಲ್ಲರೆಂದು ಹೇಳಲಾರೆವು.

ಹೀಗಿದ್ದರೂ ಹಡಗಿಗೆ ಒಂದು ಸ್ವಭಾವವುಂಟು. ಅದು ನೆಮ್ಮದಿಯ ಕಾಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. 1898ನೆಯ ಇಸವಿಯಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ ಅದರ ಈಚಿನ ವರ್ಷಗಳಲ್ಲಿಯೂ ನಮ್ಮ ಹಿರಿಯರು ಮಾಡಿದುದೇನು? ಮನೆಗೆ ಬೀಗ ಹಾಕಿ, ಊರಾಚೆಯ ತೋಟಗಳಲ್ಲಿ ಗುಡಿಸಲು ಕಟ್ಟಿಕೊಂಡು, ರೋಗ ಇಳಿಯುವ ತನಕ ಅಲ್ಲಿದ್ದರು. ಕಷ್ಟಪಟ್ಟರು, ಆದರೆ ಎದ್ದು ಹೋಗುವುದಕ್ಕೆ ಒಂದು ಜಾಗವಿತ್ತು. ನೆಲದ ಮೇಲೆ ಬಡವನಿಗೂ ಈ ಉಪಾಯವುಂಟು. ಹಡಗಿನಲ್ಲಿ ಶ್ರೀಮಂತನಿಗೂ ಇಲ್ಲ. ಅಲ್ಲಿ ಊರು, ಮನೆ, ಅಡಿಗೆಮನೆ, ಗಾಳಿ ಎಲ್ಲವೂ ಒಂದೇ ಕಬ್ಬಿಣದ ಗೋಡೆಯೊಳಗೆ. ಹೊರಕ್ಕೆ ಇಳಿಯಬೇಕಾದರೆ ಬಂದರಿನವರು ಒಪ್ಪಬೇಕು. ಅಪಾಯದ ಕಾಲದಲ್ಲಿ ಬಂದರಿನವರು ಒಪ್ಪುವುದಿಲ್ಲ.

'ಡೈಮಂಡ್ ಪ್ರಿನ್ಸೆಸ್' ಎಂಬ ಹಡಗಿನ ವೃತ್ತಾಂತವನ್ನು ವಾಚಕರು ಮರೆತಿರಲಾರರು, ಮರೆತಿದ್ದರೆ ಜ್ಞಾಪಿಸಿಕೊಳ್ಳಬೇಕು. 2020ರ ಜನವರಿ 20ರಂದು ಅದು ಜಪಾನಿನ ಯೊಕೊಹಾಮಾ ಬಂದರಿನಿಂದ ಹೊರಟಿತು. ಚೀನದ ವೂಹಾನಿನಲ್ಲಿ ಹೊಸ ರೋಗವೊಂದು ಹುಟ್ಟಿದೆಯೆಂಬ ಸುದ್ದಿ ಆ ಹೊತ್ತಿಗೆ ಲೋಕವನ್ನೆಲ್ಲ ಮುಟ್ಟಿತ್ತು. ಜನವರಿ 25ರಂದು ಹಾಂಗ್‌ಕಾಂಗಿನಲ್ಲಿ ಇಳಿದುಹೋದ 80 ವರ್ಷದ ಪ್ರಯಾಣಿಕರೊಬ್ಬರಿಗೆ ಅದೇ ರೋಗವೆಂದು ಫೆಬ್ರವರಿ 1ರಂದು ಖಚಿತವಾಯಿತು. ಹಡಗಿನಲ್ಲಿದ್ದವರಿಗೆ ಈ ವಿಷಯವನ್ನು ಸಾರಿ ಹೇಳಿದುದು 3ನೆಯ ತಾರೀಖಿನ ಸಂಜೆ. ಅವರನ್ನು ಅವರವರ ಕೋಣೆಗಳಲ್ಲಿ ಇರಿಸಿದುದು 5ನೆಯ ತಾರೀಖಿನ ಬೆಳಗ್ಗೆ. ನಡುವಣ ಹೊತ್ತಿನಲ್ಲಿ ಸಾಮೂಹಿಕ ಭೋಜನ ವಿನೋದಗಳು ನಿಂತಿರಲಿಲ್ಲ. ಹಡಗಿನಲ್ಲಿದ್ದವರು ಒಟ್ಟು 3,711 ಮಂದಿ. ಅವರಲ್ಲಿ 712 ಮಂದಿಗೆ ಸೋಂಕು ತಗುಲಿತು. 13ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ತೀರಿಕೊಂಡರು.

ಈ ಲೆಕ್ಕವನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಯಾರ ಗಮನಕ್ಕೂ ಬಾರದ ಇನ್ನೊಂದು ಲೆಕ್ಕವುಂಟು. ಜಪಾನಿನ ಸರಕಾರಿ ವೈದ್ಯಸಂಸ್ಥೆಯು ಪ್ರಕಟಿಸಿದ ಪಟ್ಟಿಯ ಪ್ರಕಾರ ಆ ಹಡಗಿನಲ್ಲಿ ಹತ್ತು ವರ್ಷ ತುಂಬದ ಮಕ್ಕಳು 16 ಮಂದಿ ಇದ್ದರು; ಹತ್ತರಿಂದ ಹತ್ತೊಂಬತ್ತರವರೆಗಿನವರು 23 ಮಂದಿ. ಪ್ರಯಾಣಿಕರಲ್ಲಿ ಹೆಚ್ಚಿನವರು ಅರವತ್ತು ದಾಟಿದ ವೃದ್ಧರಾಗಿದ್ದುದರಿಂದ ಲೋಕದ ಕಳವಳವೆಲ್ಲ ಆ ಕಡೆಗೆ ಹೋಯಿತು, ಅದು ನ್ಯಾಯವೇ. ಆದರೆ ಕಿಟಕಿಯೂ ಇಲ್ಲದ ಒಳಗೋಣೆಗಳು ಆ ಹಡಗಿನಲ್ಲಿ ಅನೇಕವಿದ್ದವು. ಕೋಣೆಯಲ್ಲಿ ಸೆರೆಯಾದವರನ್ನು ಸರದಿಯಂತೆ ಕೊಂಚ ಹೊತ್ತು ಮೇಲಂತಸ್ತಿಗೆ ಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ನಾಲ್ಕು ಗೋಡೆ. ಹದಿನಾಲ್ಕು ದಿನ! ಮಳೆ ಹಿಡಿದು ಎರಡು ದಿನ ಅಂಗಳಕ್ಕೆ ಬಿಡದಿದ್ದರೆ ನಮ್ಮ ಮನೆಗಳಲ್ಲಿ ಮೂರು ವರ್ಷದ ಮಗು ಎಷ್ಟು ರಂಪ ಮಾಡುತ್ತದೆಂಬುದನ್ನು ಬಲ್ಲ ಗೃಹಸ್ಥರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಯಸ್ಸಾದವನು ತಾನು ಹಣ ಕಟ್ಟಿದೆ, ತಾನು ಹತ್ತಿದೆ, ತಾನು ಅನುಭವಿಸುತ್ತೇನೆ ಎಂದುಕೊಂಡಾನು. ಮಗುವನ್ನು ಯಾರೂ ಕೇಳಿರಲಿಲ್ಲ.

ಅದೇ ಹಡಗಿನಲ್ಲಿ ನಮ್ಮ ದೇಶದವರು 138 ಮಂದಿ ಇದ್ದರು. ಅವರಲ್ಲಿ ಪ್ರಯಾಣಿಕರು ಆರೇ ಮಂದಿ. ಉಳಿದ 132 ಮಂದಿ ದುಡಿಯಲು ಹೋದವರು. ಪ್ರಯಾಣಿಕರನ್ನು ಕೋಣೆಗಳಲ್ಲಿ ಇರಿಸಿದ ಮೇಲೆ ಬಾಗಿಲು ಬಾಗಿಲಿಗೆ ಊಟ ಮುಟ್ಟಿಸುವವರು ಯಾರು? ಹಡಗಿನ ಆಳುಗಳು. ಅವರಿಗೆ ಪ್ರತ್ಯೇಕವಾಸವಿಲ್ಲ, ಒಂದೇ ಕೋಣೆಯಲ್ಲಿ ಇಬ್ಬರು ಮೂವರು, ಒಂದೇ ಪಂಕ್ತಿಯಲ್ಲಿ ಊಟ. ಸಿಬ್ಬಂದಿಯಲ್ಲಿ ಮೊದಲು ಸೋಂಕು ಕಂಡ 20 ಮಂದಿಯ ಪೈಕಿ 15 ಮಂದಿ ಊಟೋಪಚಾರದ ಕೆಲಸದವರೆಂಬುದು ಆಮೇಲೆ ನಡೆದ ವಿಚಾರಣೆಯಿಂದ ತಿಳಿದುಬಂತು. ತಮ್ಮನ್ನು ಪಾರುಮಾಡಬೇಕೆಂದು ನಮ್ಮ ಹುಡುಗರು ಹಡಗಿನಿಂದಲೇ ಭಾರತ ಸರಕಾರಕ್ಕೆ ಮೊರೆಯಿಟ್ಟರು. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನವು 119 ಮಂದಿ ಭಾರತೀಯರನ್ನೂ ಅವರೊಡನೆ ಐದು ಮಂದಿ ಅನ್ಯದೇಶೀಯರನ್ನೂ ದೆಹಲಿಗೆ ತಂದಿತು. ಅನ್ಯರನ್ನೂ ಕೈಬಿಡದೆ ಕರೆತಂದುದು ನಮ್ಮ ದೇಶಕ್ಕೆ ಶೋಭೆ ತಂದ ಕಾರ್ಯ. ಹಾಗಿದ್ದರೂ 5ರಿಂದ 27ರವರೆಗಿನ ದಿನಗಳನ್ನು ಅವರ ತಾಯಂದಿರು ಹೇಗೆ ಕಳೆದರೆಂಬುದನ್ನು ಸರಕಾರಿ ಪ್ರಕಟಣೆ ಹೇಳುವುದಿಲ್ಲ. ಮಂಗಳೂರು, ಉಡುಪಿ, ಕಾರವಾರಗಳ ಕಡೆಯಿಂದ ಹಡಗಿನ ಕೆಲಸಕ್ಕೆ ಹೋಗುವ ತರುಣರು ನಮ್ಮಲ್ಲಿ ಕಡಿಮೆಯಿಲ್ಲ. ವಿಹಾರದ ಹಡಗು ಹತ್ತಲೇ ಬೇಡವೇ ಎಂದು ಗೃಹಸ್ಥನು ಯೋಚಿಸಬಹುದು. ಅವನಿಗೆ ಬಡಿಸುವವನಿಗೆ ಯೋಚಿಸುವ ಅನುಕೂಲವೂ ಇಲ್ಲ.

ಇನ್ನೊಂದು ಹಡಗು 'ವೆಸ್ಟರ್‌ಡ್ಯಾಂ'. ಅದೇ ಫೆಬ್ರವರಿ 1ರಂದು ಹಾಂಗ್‌ಕಾಂಗಿನಿಂದ ಹೊರಟ ಅದನ್ನು ಫಿಲಿಪೈನ್ಸ್, ತೈವಾನ್, ಜಪಾನ್, ಗುಆಮ್, ಥಾಯ್ಲೆಂಡ್ ಎಲ್ಲವೂ ಹೊಸಲಿನಿಂದಲೇ ಹಿಂದಕ್ಕೆ ಕಳಿಸಿದವು. ಕಡೆಗೆ ಕಾಂಬೋಡಿಯವೆಂಬ ಪುಟ್ಟ ರಾಜ್ಯವು ತನ್ನ ಸಿಹಾನೂಕ್‌ವಿಲ್ ಬಂದರಿನಲ್ಲಿ ಆಶ್ರಯ ಕೊಟ್ಟಿತು. ಆ ಹಡಗಿನಲ್ಲಿ ರೋಗ ಹರಡಿತ್ತೆಂಬುದಕ್ಕೆ ಕೊನೆಗೂ ಆಧಾರ ಸಿಕ್ಕಲಿಲ್ಲ. ರೋಗವಿಲ್ಲದಿದ್ದರೂ ಹಡಗು ಅಲೆಯಬೇಕಾಯಿತೆಂಬುದನ್ನು ವಾಚಕರು ಗಮನಿಸಬೇಕು. ನಾವೇನೂ ಇತರರಿಗಿಂತ ಮೇಲಲ್ಲ: ಆ ವರ್ಷದ ಮಾರ್ಚ್ ತಿಂಗಳಲ್ಲಿ ನಮ್ಮ ಹೊಸ ಮಂಗಳೂರು ಬಂದರಿಗೆ ಬರಬೇಕಾಗಿದ್ದ ವಿದೇಶದ ವಿಹಾರದ ಹಡಗೊಂದಕ್ಕೂ ಪ್ರವೇಶ ನಿರಾಕರಿಸಲಾಯಿತು. ಆ ಅಧಿಕಾರಿಗಳನ್ನು ನಾವು ದೂರುವುದಿಲ್ಲ. ಅವರ ಬೆನ್ನ ಹಿಂದೆ ಒಂದು ಊರಿತ್ತು. ಆ ಊರಿನಲ್ಲೂ ಮಕ್ಕಳಿದ್ದರು.

ಇಷ್ಟೆಲ್ಲ ಸುದ್ದಿ ಜಗಜ್ಜಾಹೀರಾದ ಮೇಲೆ ಜನರು ಹಡಗು ಹತ್ತುವುದನ್ನು ಬಿಟ್ಟರೆ? ಬಿಡಲಿಲ್ಲ. 2020ರ ಮಾರ್ಚ್ 8ರಂದು 'ರೂಬಿ ಪ್ರಿನ್ಸೆಸ್' ಎಂಬ ಹಡಗು ಆಸ್ಟ್ರೇಲಿಯದ ಸಿಡ್ನಿಯಿಂದ ತುಂಬಿ ಹೊರಟಿತು. 19ರಂದು ಅದು ಮರಳಿ ಬಂದಾಗ 2,600ಕ್ಕೂ ಹೆಚ್ಚು ಪ್ರಯಾಣಿಕರನ್ನು ತಡೆಯಿಲ್ಲದೆ ಊರೊಳಗೆ ಬಿಟ್ಟರು. ಆ ಹಡಗಿನ ಸಂಬಂಧದಿಂದ 28 ಮಂದಿ ಮರಣಹೊಂದಿದರು. ಅಲ್ಲಿಯ ಆರೋಗ್ಯ ಇಲಾಖೆ ಗುರುತರವಾದ ತಪ್ಪುಗಳನ್ನು ಮಾಡಿತೆಂದು ಅದೇ ವರ್ಷದ ಆಗಸ್ಟಿನಲ್ಲಿ ವಿಚಾರಣಾ ಆಯೋಗವು ಹೇಳಿತು. ಮೂರು ವರ್ಷಗಳ ಮೇಲೆ, 2023ರ ಅಕ್ಟೋಬರಿನಲ್ಲಿ, ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯವು ಹಡಗಿನ ಕಂಪೆನಿಯೂ ಉದಾಸೀನದ ದೋಷಕ್ಕೆ ಗುರಿಯೆಂದು ತೀರ್ಪಿತ್ತಿತು. ಅಪಾಯ ಹೆಚ್ಚಿದೆಯೆಂಬುದು ಕಂಪೆನಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಾಗಿತ್ತು. ಆದರೂ ಹಡಗನ್ನು ಹೊರಡಿಸಿತು ಎಂಬುದು ಆ ತೀರ್ಪಿನ ಸಾರಾಂಶ. ವ್ಯಾಜ್ಯ ಹೂಡಿದ ಮಹಿಳೆಯ ಪತಿಯು ಮರಣದ ಬಾಗಿಲಿಗೆ ಹೋಗಿ ಬಂದವನು. ಗೆದ್ದ ಆಕೆಯ ಕೈಗೆ ಬಂದುದು ಔಷಧೋಪಚಾರದ ವೆಚ್ಚವೆಂದು ನಾಲ್ಕು ಸಾವಿರದ ಚಿಲ್ಲರೆ ಡಾಲರು ಮಾತ್ರ. ಏಕೆಂದರೆ ಪ್ರಯಾಣದ ಹಣವನ್ನು ಕಂಪೆನಿ ಆಗಲೇ ಹಿಂದಿರುಗಿಸಿತ್ತು. ಆ ಹಣವನ್ನೇ ಮಾರ್ಚ್ 7ರಂದು, ಬೇಡವೆಂದವರಿಗೆಲ್ಲ ಕೊಡುತ್ತೇವೆಂದು ಸಾರಿದ್ದರೆ ಎಷ್ಟು ಮಂದಿ ಮನೆಯಲ್ಲಿಯೇ ಉಳಿಯುತ್ತಿದ್ದರೋ!

ನಮ್ಮ ಅಭಿಪ್ರಾಯದ ತಿರುಳು ಇಲ್ಲಿದೆ. ಮಧ್ಯಮಸ್ಥಿತಿಯ ಗೃಹಸ್ಥನು ಅಪಾಯವನ್ನು ತಿಳಿಯದೆ ಹತ್ತುವುದಿಲ್ಲ. ಹಣ ಹೋಗುತ್ತದೆಂದು ಹತ್ತುತ್ತಾನೆ. ಮೂರು ವರ್ಷದ ಉಳಿತಾಯ ಒಂದು ರಸೀತಿಯಲ್ಲಿ ಕುಳಿತಿರುವಾಗ ಅವನ ಬುದ್ಧಿ ತಕ್ಕಡಿಯಂತೆ ನೇರವಾಗಿ ನಿಲ್ಲುವುದಿಲ್ಲ. "ಸುದ್ದಿಗಾರರು ಹೀಗೆಯೇ ಹೆದರಿಸುತ್ತಾರೆ", "ಮಕ್ಕಳಿಗೆ ಅದು ಅಷ್ಟಾಗಿ ತಗುಲುವುದಿಲ್ಲವಂತೆ", "ನಾಲ್ಕೇ ರಾತ್ರಿ ತಾನೆ" ಎಂದು ತನಗೆ ತಾನೇ ವಕೀಲನಾಗುತ್ತಾನೆ. ನಿಜವಾದ ವಿಷಯವನ್ನು ಮೊದಲು ತಿಳಿಯಬಲ್ಲವರು ಕಂಪೆನಿಯವರು ಮತ್ತು ಬಂದರಿನ ಅಧಿಕಾರಿಗಳು. ಹಣ ಇರುವುದು ಕಂಪೆನಿಯ ಕೈಯಲ್ಲಿ. ತಿಳಿವಳಿಕೆಯೂ ಹಣವೂ ಒಂದೇ ಕಡೆ ಇದ್ದು, ಅಪಾಯವೊಂದು ಮಾತ್ರ ಕೂಸಿನ ಕಡೆಗೆ ಇರುವ ಈ ವ್ಯವಹಾರವನ್ನು ನ್ಯಾಯವೆಂದು ನಾವು ಒಪ್ಪಲಾರೆವು.

ಇದರಲ್ಲಿ ಪತ್ರಿಕೆಗಳ ಪಾಲೂ ಉಂಟು. ಅದನ್ನು ಮುಚ್ಚಿಟ್ಟುಕೊಂಡು ಇತರರಿಗೆ ಬುದ್ಧಿ ಹೇಳುವುದು ಉಚಿತವಲ್ಲ. 1915ರ ಮೇ 1ರಂದು, ಮಹಾಯುದ್ಧ ನಡೆಯುತ್ತಿರುವಾಗ, 'ಲೂಸಿಟೇನಿಯಾ' ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗು ನ್ಯೂಯಾರ್ಕಿನಿಂದ ಹೊರಟಿತು. ಬ್ರಿಟಿಷ್ ಹಡಗುಗಳನ್ನು ಹತ್ತುವವರು ತಮ್ಮ ಜವಾಬ್ದಾರಿಯ ಮೇಲೆ ಹತ್ತಬೇಕೆಂಬ ಜರ್ಮನ್ ರಾಯಭಾರ ಕಚೇರಿಯ ಎಚ್ಚರಿಕೆಯು ಅದೇ ಬೆಳಗ್ಗೆ ಅಮೆರಿಕದ ಪತ್ರಿಕೆಗಳಲ್ಲಿ ಬಂದಿತ್ತು. ಕೆಲವು ಪತ್ರಿಕೆಗಳಲ್ಲಿ ಹಡಗಿನ ಕಂಪೆನಿಯ ಜಾಹೀರಾತಿನ ಮಗ್ಗುಲಲ್ಲಿಯೇ. ಕಂಪೆನಿಯವರು ಹಡಗಿನ ವೇಗವನ್ನು ಹೇಳಿ ಧೈರ್ಯ ತುಂಬಿದರು. 7ರಂದು ಐರ್ಲೆಂಡಿನ ತೀರದ ಬಳಿ ಜಲಾಂತರ್ಗಾಮಿಯ ಏಟಿಗೆ ಸಿಕ್ಕಿದ ಅದು 18 ನಿಮಿಷಗಳಲ್ಲಿ ಮುಳುಗಿತು; ಸುಮಾರು 1,200 ಮಂದಿ ಸತ್ತರು; ಅವರಲ್ಲಿ 90ಕ್ಕೂ ಹೆಚ್ಚು ಮಂದಿ ಮಕ್ಕಳು. ಅವರು ವಿಹಾರಕ್ಕೆ ಹೋದವರಲ್ಲ, ಕಾರ್ಯಾರ್ಥವಾಗಿ ಹೋದವರೇ ಹೆಚ್ಚು. ಆದರೂ ಎಚ್ಚರಿಕೆಯೂ ಆಮಂತ್ರಣವೂ ಒಂದೇ ಪುಟದಲ್ಲಿ ಬಂದರೆ ಓದುಗನು ಯಾವುದನ್ನು ನಂಬುತ್ತಾನೆಂಬುದಕ್ಕೆ ಅದು ನಿದರ್ಶನ. ನೂರು ವರ್ಷ ಕಳೆದರೂ ನಾವು ಕಲಿತುದು ಕಡಿಮೆ. 2020ರ ಫೆಬ್ರವರಿಯಲ್ಲಿ ಈ ನಮ್ಮ ಪತ್ರಿಕೆಯೇ ಮೊದಲ ಪುಟದಲ್ಲಿ ಯೊಕೊಹಾಮಾದ ಹಡಗಿನ ಸುದ್ದಿಯನ್ನೂ ಒಳಪುಟದಲ್ಲಿ "ಬೇಸಿಗೆಯ ರಜೆಗೆ ಸಕುಟುಂಬ ಸಮುದ್ರವಿಹಾರ" ಎಂಬ ಜಾಹೀರಾತನ್ನೂ ಏಕಕಾಲದಲ್ಲಿ ಮುದ್ರಿಸಿತು. ಜಾಹೀರಾತಿನ ಹಣ ಮುಂಗಡವಾಗಿ ಬಂದಿತ್ತು. ಹಿಂದಿರುಗಿಸಲು ನಮಗೆ ಮನಸ್ಸು ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಅದೊಂದು ಸಲದ ಮಾತು, ಆಮೇಲೆ ಎಲ್ಲರೂ ಬುದ್ಧಿ ಕಲಿತರು ಎನ್ನುವವರಿಗೆ 2022ರ ಜನವರಿಯ ಮೊದಲ ವಾರವನ್ನು ನೆನಪಿಸಬಯಸುತ್ತೇವೆ. ರೋಗವು ಹೊಸ ರೂಪದಿಂದ ಮತ್ತೆ ಏರುತ್ತಿತ್ತು. ಹಾಗಿದ್ದೂ ಹೊಸ ವರ್ಷದ ವಿಹಾರಕ್ಕೆಂದು ಎರಡು ಸಾವಿರ ಮಂದಿಯನ್ನು ತುಂಬಿಕೊಂಡು ಮುಂಬಯಿಯಿಂದ ಗೋವೆಗೆ ಬಂದ ಹಡಗಿನಲ್ಲಿ ಪರೀಕ್ಷೆ ಮಾಡಿಸಲಾಗಿ 66 ಮಂದಿಗೆ ಸೋಂಕು ಕಂಡಿತು. ಹಡಗು ಬಂದ ದಾರಿಯಲ್ಲೇ ಮುಂಬಯಿಗೆ ಮರಳಿತು. ಇದು ನಮ್ಮದೇ ಕರಾವಳಿಯಲ್ಲಿ, ನಮ್ಮದೇ ಜನಗಳ ನಡುವೆ ನಡೆದ ಸಂಗತಿ.

ಈಗ ಈ ವಿಷಯವನ್ನು ಎತ್ತಲು ಇನ್ನೊಂದು ಕಾರಣವುಂಟು. ಭಾರತ ಸರಕಾರದವರು 2024ರ ಸೆಪ್ಟೆಂಬರ್ 30ರಂದು ಮುಂಬಯಿಯಲ್ಲಿ 'ಕ್ರೂಸ್ ಭಾರತ ಮಿಷನ್' ಎಂಬ ಯೋಜನೆಯನ್ನು ಆರಂಭಿಸಿದ್ದಾರೆ. 2029ರೊಳಗಾಗಿ ವಿಹಾರದ ಹಡಗುಗಳ ಪ್ರಯಾಣಿಕರ ಸಂಖ್ಯೆಯನ್ನು ಎರಡರಷ್ಟು ಮಾಡುವುದು ಅವರ ಉದ್ದೇಶ. ಏಳು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಕಡಲತೀರವಿರುವ ದೇಶವು ತನ್ನ ಕಡಲನ್ನು ತನ್ನ ಜನರಿಗೆ ತೋರಿಸುವುದು ಸ್ವಾಗತಾರ್ಹವೇ ಸರಿ. ಪರದೇಶದ ಕಂಪೆನಿಗಳೇ ಈ ಲಾಭವನ್ನೆಲ್ಲ ಉಣ್ಣಬೇಕಾಗಿಲ್ಲ. ಆದರೆ ಹತ್ತಿರೆಂದು ಕರೆಯುವ ಸರಕಾರವು ಇಳಿಯುವ ದಾರಿಯನ್ನೂ ಮೊದಲೇ ಬರೆದಿಡಬೇಕು. ಅಪಾಯ ಬಂದ ಮೇಲೆ ನಿಯಮ ಮಾಡುವುದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಮುಖ್ಯವಾದುದು ಹಣದ ಮಾತು. ರೋಗದ ವಿಷಯದಲ್ಲಾಗಲಿ ಯುದ್ಧದ ವಿಷಯದಲ್ಲಾಗಲಿ ಸರಕಾರವು ಎಚ್ಚರಿಕೆಯನ್ನು ಹೊರಡಿಸಿದ ದಿನದಿಂದ, ಹಡಗು ಹೊರಡುವ ಗಂಟೆಯವರೆಗೆ, ಬೇಡವೆಂದ ಸಂಸಾರಕ್ಕೆ ಕಟ್ಟಿದ ಹಣವೆಲ್ಲವೂ ಹಿಂದಿರುಗಬೇಕು. ಮುಂದಿನ ವರ್ಷ ಬನ್ನಿರೆಂಬ ಚೀಟಿಯಲ್ಲ, ಹಣ. ಇದು ಅಸಾಧ್ಯವೆಂದು ಕಂಪೆನಿಯವರು ಹೇಳಿಯಾರು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ವಿಮಾನದ ಟಿಕೆಟ್ಟಿನ ವಿಷಯದಲ್ಲಿ ಕೊಟ್ಟ ಆಜ್ಞೆಯನ್ನು ಅವರು ನೋಡಬೇಕು: ದಿಗ್ಬಂಧನದ ಅವಧಿಯೊಳಗಿನ ಪ್ರಯಾಣಕ್ಕಾಗಿ ಅದೇ ಅವಧಿಯಲ್ಲಿ ಮಾರಿದ ಟಿಕೆಟ್ಟುಗಳ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕೆಂದು ಅಲ್ಲಿ ವಿಧಿಸಲಾಯಿತು. ವಿಮಾನಕ್ಕೆ ಆದುದು ಹಡಗಿಗೆ ಏಕಾಗಬಾರದು? ಅಲ್ಲಿ ಅದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಆಯಿತು; ಇಲ್ಲಿ ಮೊದಲೇ ಆಗಲಿ. ಮಕ್ಕಳ ವೈದ್ಯಕ್ಕೆ ಹಡಗಿನಲ್ಲಿ ಏನು ಏರ್ಪಾಟಿದೆ, ಸೋಂಕು ಕಂಡರೆ ಯಾವ ಬಂದರು ಇಳಿಸಿಕೊಳ್ಳುತ್ತದೆ, ಸಿಬ್ಬಂದಿಯನ್ನು ಎಲ್ಲಿ ಪ್ರತ್ಯೇಕವಾಗಿ ಇರಿಸುತ್ತಾರೆ ಎಂಬುದನ್ನು ಹಣ ತೆಗೆದುಕೊಳ್ಳುವಾಗಲೇ ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ಬರೆದುಕೊಡಬೇಕು. ಇಂಗ್ಲೀಷಿನ ಸಣ್ಣಕ್ಷರದ ಷರತ್ತುಗಳನ್ನು ಓದಿ ಸಹಿ ಮಾಡಿದವರು ನಮ್ಮ ಊರಿನಲ್ಲಿ ಯಾರಾದರೂ ಇದ್ದರೆ ಅವರನ್ನು ನೋಡಲು ನಮಗೆ ಕುತೂಹಲವಿದೆ.

ಇನ್ನು ಕಾಗದ ಬರೆದ ಮಹನೀಯರಿಗೆ. ತಾವೊಬ್ಬರೇ ಹೋಗುವುದಾಗಿದ್ದರೆ ನಾವು ಬಾಯಿ ತೆರೆಯುತ್ತಿರಲಿಲ್ಲ. ಸ್ನೇಹಿತರ ನಗೆಯನ್ನು ತಾವು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿರಿ. ಅವರಾರೂ ತಮ್ಮ ಕೂಸನ್ನು ಎತ್ತಿಕೊಂಡು ಕೋಣೆಯಲ್ಲಿ ಹದಿನಾಲ್ಕು ದಿನ ಕುಳಿತಿರುವವರಲ್ಲ. ಕಟ್ಟಿದ ಹಣ ಹೋದದ್ದಾಯಿತೆಂದೇ ಇಟ್ಟುಕೊಂಡು, ಈ ದಿನ ಹೊಸದಾಗಿ ಕೇಳಿದರೆ ಈ ಪ್ರಯಾಣಕ್ಕೆ ಹಣ ಕಟ್ಟುತ್ತಿದ್ದೆವೇ ಎಂದು ದಂಪತಿಗಳು ಕುಳಿತು ವಿಚಾರಮಾಡಿರಿ. ಮನೆಯವರ ಮಾತಿಗೆ ಎರಡು ಪಾಲು ತೂಕ ಕೊಡಿರಿ. ಮಗುವಿಗೆ ಜ್ವರ ಬಂದ ರಾತ್ರಿ ಎಚ್ಚರವಾಗಿರುವವರು ಅವರೇ. ಬಿಡುವುದೆಂದಾದರೆ, ದೊಡ್ಡ ಮಗುವಿಗೆ ಕಡಲು ತೋರಿಸಲು ಮಲ್ಪೆಗೋ ಗೋಕರ್ಣಕ್ಕೋ ಹೋಗಿ ಬರಬಹುದು. ಅಲ್ಲಿ ಬೇಡವೆನಿಸಿದ ಕ್ಷಣ ಬಸ್ಸು ಹತ್ತಿ ಮನೆಗೆ ಮರಳಬಹುದು.

ಹಣವನ್ನು ಮಾತ್ರ ಸುಮ್ಮನೆ ಬಿಡಬೇಡಿರಿ. ಕಾರಣವನ್ನು ಸ್ಪಷ್ಟವಾಗಿ ಬರೆದು, ಪೂರ್ತಿ ಹಣವನ್ನು ಹಿಂದಿರುಗಿಸಬೇಕೆಂದು ಕಂಪೆನಿಗೆ ರಿಜಿಸ್ಟರ್ ಕಾಗದ ಹಾಕಿರಿ. ಒಪ್ಪದಿದ್ದರೆ ಬಳಕೆದಾರರ ನ್ಯಾಯಾಲಯವಿದೆ. ತಮ್ಮ ಹಡಗು ಈ ತಿಂಗಳ ಕೊನೆಗೆ ಹೊರಡುವುದೆಂದು ಬರೆದಿದ್ದೀರಿ. ಅಷ್ಟರೊಳಗಾಗಿ ಕಂಪೆನಿಯಿಂದ ಬರುವ ಉತ್ತರವನ್ನು ನಮಗೆ ಕಳಿಸಿಕೊಟ್ಟರೆ, ತಮ್ಮ ಹೆಸರನ್ನು ಮರೆಮಾಡಿ, ಅದನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಆ ವಾರ ಹಡಗಿನ ಜಾಹೀರಾತೇನಾದರೂ ಬಂದರೆ ಅದನ್ನು ಹಿಂದಕ್ಕೆ ಕಳಿಸಬೇಕೆಂದು ನಮ್ಮ ಮ್ಯಾನೇಜರಿಗೆ ಹೇಳಿದ್ದೇವೆ.